ಖಣಿ ಕೇಸಿನ ಮೂರನೆಯ ಸಾಕ್ಷಿ

ಆವತ್ತು ನನಗೆ ನೀರಡಿಕೆ ಆಗದಿದ್ದರೆ ಈ ಕೇಸಿಗೂ ನನಗೂ ಯಾವ ಸಂಬಂಧವೂ ಇರುತ್ತಿರಲಿಲ್ಲ.

ಶಹಾಬಾದಿನ ಒಂದು ಸರಕಾರಿ ಕಚೇರಿಯಲ್ಲಿ ನಾನು ಗುಮಾಸ್ತ. ಮನೆ ವಾಡಿಯಲ್ಲಿ, ದಿನಾ ರೈಲಿನಲ್ಲಿ ಓಡಾಟ. ಒಂದು ಮಧ್ಯಾಹ್ನ ಪೊಲೀಸ್ ಠಾಣೆಯಿಂದ ನಮ್ಮ ಸಾಹೇಬರಿಗೆ ಫೋನು ಬಂತು, ಪಂಚನಾಮೆಗೆ ಒಬ್ಬ ಸರಕಾರಿ ನೌಕರನನ್ನು ಕಳಿಸಿಕೊಡಿ ಎಂದು. ಪಂಚನೆಂದರೆ ಪೊಲೀಸರು ಜಾಗ ತಪಾಸಣೆ ಮಾಡುವಾಗ ಪಕ್ಕದಲ್ಲಿ ನಿಂತು ನೋಡಿ, ಅವರು ಬರೆದದ್ದಕ್ಕೆ ಸಹಿ ಹಾಕುವವನು. ಸಹಿ ಹಾಕಿದವನು ಮುಂದೊಂದು ದಿನ ಕೋರ್ಟಿನ ಮೆಟ್ಟಿಲು ಹತ್ತಬೇಕು ಎಂಬುದು ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಹೀಗಾಗಿ ಸಾಹೇಬರು ಫೋನು ಇಟ್ಟು ತಲೆ ಎತ್ತುವಷ್ಟರಲ್ಲಿ ಉಳಿದೆಲ್ಲ ತಲೆಗಳೂ ಫೈಲುಗಳೊಳಗೆ ಇಳಿದಿದ್ದವು. ವರ್ಷದಿಂದ ಯಾರೂ ಮುಟ್ಟದ ಫೈಲುಗಳೂ ಆ ಗಳಿಗೆಯಲ್ಲಿ ತೆರೆದುಕೊಂಡವು. ನಾನೊಬ್ಬ ಮಾತ್ರ ಮೂಲೆಯ ಕೊಡದ ಹತ್ತಿರ ಗ್ಲಾಸು ಬಾಯಿಗೆ ಹಚ್ಚಿಕೊಂಡು ನಿಂತಿದ್ದೆ.

“ನೀವು ಹ್ಯಾಂಗೂ ಎದ್ದೀರಿ,” ಎಂದರು ಸಾಹೇಬರು. “ಹೋಗಿ ಬರ್ರಿ.”

ಹೋಗಬೇಕಾಗಿದ್ದು ಭಂಕೂರದ ಆಚೆಯ ಒಂದು ಹಳ್ಳಿಗೆ. ಅದರ ಹೆಸರು ಬರೆಯುವುದಿಲ್ಲ. ಊರ ಹೊರಗೆ ನೆಲಕ್ಕೆ ಹಾಸುವ ಫರ್ಸಿ ಕಲ್ಲು ತೆಗೆದು ಬಿಟ್ಟ ಹಳೆಯ ಖಣಿ ಇದೆ, ಮಳೆನೀರು ನಿಂತು ಹೊಂಡವಾಗಿದೆ. ಹಿಂದಿನ ದಿನ ಅದರಲ್ಲಿ ಆರು ವರ್ಷದ ಹುಡುಗಿಯ ಹೆಣ ಸಿಕ್ಕಿತ್ತು. ಹುಡುಗಿಯ ಅಪ್ಪನಿಗೂ ದೊಡ್ಡಪ್ಪನಿಗೂ ಹೊಲದ ಬದುವಿನ ಸಲುವಾಗಿ ಮಾತು ನಿಂತಿತ್ತು. ಹೆಣ ಸಿಕ್ಕ ದಿನ ಮಧ್ಯಾಹ್ನ ದೊಡ್ಡಪ್ಪ ಖಣಿಯ ಕಡೆಯಿಂದ ನಡೆದು ಬಂದದ್ದನ್ನು ಯಾರೋ ಕಂಡಿದ್ದರು. ಪೊಲೀಸರು ಅವನನ್ನು ಹಿಡಿದಿದ್ದರು.

ಜೀಪಿನಲ್ಲಿ ನನ್ನ ಜೊತೆ ಇನ್ನೊಬ್ಬ ಪಂಚ ಇದ್ದ, ದನದ ದವಾಖಾನೆಯ ಕಂಪೌಂಡರ್. ಅರ್ಧ ತಿಂದ ಬುತ್ತಿಯನ್ನು ಬಿಟ್ಟು ಬಂದಿದ್ದ ಅವನು ದಾರಿಯುದ್ದಕ್ಕೂ ಅದರ ಚಿಂತೆಯಲ್ಲೇ ಇದ್ದ. ಖಣಿಯ ಹತ್ತಿರ ಇಳಿದೆವು. ಕಲ್ಲು ಕಡಿದ ಜಾಗ ಮೆಟ್ಟಿಲಿನಂತೆ ಕೆಳಗಿಳಿದು ಹಸಿರು ನೀರಿನೊಳಗೆ ಹೋಗಿತ್ತು. ಎರಡನೆಯ ಮೆಟ್ಟಿಲ ಮೇಲೆ ಒಂದು ಸಣ್ಣ ಚಪ್ಪಲಿ ಬಿದ್ದಿತ್ತು. ಒಂದೇ. ಠಾಣೆಯ ಫೌಜುದಾರರು ಹೇಳಿದರು, ಪೇದೆ ಬರೆದ, ನಾವಿಬ್ಬರೂ ಸಹಿ ಹಾಕಿದೆವು. ಚಪ್ಪಲಿಯನ್ನು ಬಿಳಿ ಅರಿವೆಯಲ್ಲಿ ಕಟ್ಟಿ ಅರಗಿನ ಮುದ್ರೆ ಒತ್ತಿದರು. ಒಂದು ತಾಸಿನೊಳಗೆ ಎಲ್ಲ ಮುಗಿಯಿತು.

ಮರುದಿನದಿಂದ ರೈಲಿನಲ್ಲಿ ನನಗೆ ಕಿಟಕಿ ಪಕ್ಕದ ಸೀಟು ಸಿಗತೊಡಗಿತು.

ಇದು ಸಣ್ಣ ಮಾತಲ್ಲ. ಹನ್ನೊಂದು ವರ್ಷ ನಾನು ಆ ಗಾಡಿಯಲ್ಲಿ ಬಾಗಿಲ ಹತ್ತಿರ ನಿಂತೇ ಓಡಾಡಿದವನು. ಈಗ ವಾಡಿ ಸ್ಟೇಷನ್ನಿನಲ್ಲಿ ನಾನು ಒಳಗೆ ಕಾಲಿಟ್ಟರೆ ಸಾಕು, ಬರ್ರಿ, ಕುಂದ್ರಿ ಎಂದು ಜಾಗ ಬಿಡುತ್ತಿದ್ದರು. ವಾಡಿಯಿಂದ ಶಹಾಬಾದಿಗೆ ಹೆಚ್ಚೆಂದರೆ ಇಪ್ಪತ್ತು ನಿಮಿಷದ ದಾರಿ. ಆ ಇಪ್ಪತ್ತು ನಿಮಿಷದಲ್ಲಿ ದಿನಾ ಒಂದು ವಿಚಾರಣೆ ಮುಗಿಯುತ್ತಿತ್ತು. ಸಿಗ್ನಲ್ ಸಿಗದೆ ಗಾಡಿ ನಿಂತ ದಿನ ಶಿಕ್ಷೆಯೂ ಆಗುತ್ತಿತ್ತು.

ನಮ್ಮ ರೈಲು ಡಬ್ಬಿಯಲ್ಲಿ ಎರಡು ಪಕ್ಷಗಳಾದವು. ದೊಡ್ಡಪ್ಪ ದಬ್ಬಿದ ಎನ್ನುವವರದು ಒಂದು, ಜಾರಿದಳು ಎನ್ನುವವರದು ಇನ್ನೊಂದು. ದಬ್ಬಿದವರ ಮುಖಂಡರು ಒಬ್ಬರು ವಿಮೆ ಏಜೆಂಟರು. ಕಸುಬಿನ ಗುಣವೋ ಏನೋ, ಯಾರು ಯಾವ ರೀತಿ ಸತ್ತರೂ ಅವರಿಗೆ ಒಂದು ಸಂಶಯ ಇರುತ್ತಿತ್ತು. ಜಾರಿದವರ ಕಡೆಗೆ ಚಿತ್ತಾಪುರದ ಬಳೆ ಮಾರುವ ಅಕ್ಕ. ವಾಡಿಯಲ್ಲಿ ಗಾಡಿ ಬದಲಿಸಿ, ಬಳೆಯ ಬುಟ್ಟಿ ಮಡಿಲಲ್ಲಿಟ್ಟುಕೊಂಡು, ಶಹಾಬಾದಿನ ಸಂತೆಗೆ ಬರುವವಳು. ಅವಳ ತವರು ಖಣಿಗಳ ನಡುವಿನ ಊರು. ಖಣಿಯ ಪಾಚಿಯ ಬಗ್ಗೆ ಅವಳಿಗೆ ಗೊತ್ತಿದ್ದಷ್ಟು ಯಾರಿಗೂ ಗೊತ್ತಿರಲಿಲ್ಲ. ತಾನು ಚಿಕ್ಕವಳಿದ್ದಾಗ ಎಷ್ಟು ಸಲ ಜಾರಿದ್ದೆ, ಯಾವ ಯಾವ ಖಣಿಯಲ್ಲಿ ಜಾರಿದ್ದೆ ಎಂದು ಹೇಳುತ್ತ ಅವಳು ಬಟ್ಟೆಯನ್ನು ಸ್ವಲ್ಪ ಸರಿಸಿ ಮೊಳಕಾಲಿನ ಗಾಯದ ಕಲೆ ತೋರಿಸುತ್ತಿದ್ದಳು. ಏಜೆಂಟರು ಆ ಪುರಾವೆಯನ್ನು ಒಪ್ಪುತ್ತಿರಲಿಲ್ಲ. ನಿಮ್ಮ ಮೊಳಕಾಲಿಗೂ ಈ ಕೇಸಿಗೂ ಏನು ಸಂಬಂಧ ಎನ್ನುತ್ತಿದ್ದರು.

ನನ್ನ ಕೆಲಸ ನಡುವೆ ಕುಳಿತು ಆಗಾಗ ‘ಹೂಂ’ ಎನ್ನುವುದು. ಸಾಕ್ಷಿ ಎಲ್ಲೆಂದರಲ್ಲಿ ಬಾಯಿ ಬಿಡಬಾರದು ಎಂದು ಪೇದೆ ಎಚ್ಚರಿಸಿದ್ದ. ಆದರೂ ಒಂದು ದಿನ ಗಾಡಿ ಕಾಗಿಣಾ ಸೇತುವೆಯ ಮೇಲೆ ಧಡಧಡ ಸದ್ದು ಮಾಡುವಾಗ ಏಜೆಂಟರು ಮುಂದೆ ಬಾಗಿ ಏನೋ ಕೇಳಿದರು. ಕೇಳಿಸಲಿಲ್ಲ. ಅಭ್ಯಾಸದಂತೆ ಹೂಂ ಅಂದೆ. ಸೇತುವೆ ದಾಟಿದ ಮೇಲೆ ತಿಳಿಯಿತು, ಅವರು ಕೇಳಿದ್ದು “ಚಪ್ಪಲಿ ಕೆಂಪು ಇತ್ತಲ್ರೀ?” ಎಂದು. ಅಷ್ಟರಲ್ಲಿ ಡಬ್ಬಿಯ ಆ ತುದಿಯವರೆಗೂ ಚಪ್ಪಲಿ ಕೆಂಪಾಗಿತ್ತು.

ವಾರದೊಳಗೆ ಮೊಬೈಲಿನಲ್ಲಿ ಸುದ್ದಿ ಹೇಳುವ ಯಾವನೋ ಒಬ್ಬ ಅದನ್ನೇ ಹಾಕಿದ. ಪಕ್ಕದಲ್ಲಿ ಒಂದು ಕೆಂಪು ಚಪ್ಪಲಿಯ ಚಿತ್ರ. ಅದು ದೊಡ್ಡ ಹೆಂಗಸಿನದು, ಹಿಮ್ಮಡಿ ಎತ್ತರವಾಗಿತ್ತು. ಆ ಚಿತ್ರ ನಮ್ಮ ಬೀಗರ ವಾಟ್ಸಾಪ್ ಗುಂಪಿಗೆ ಬಂತು, ಕಚೇರಿಯ ಗುಂಪಿಗೆ ಬಂತು, ನನ್ನ ಮಗಳ ಶಾಲೆಯ ಪಾಲಕರ ಗುಂಪಿಗೂ ಬಂತು. ನೋಡಿ ನೋಡಿ ನಾನೂ ಕೆಂಪು ಎನ್ನಲು ಶುರುಮಾಡಿದೆ. ಸುಳ್ಳು ಹೇಳುತ್ತಿದ್ದೇನೆ ಎಂದು ಒಂದು ದಿನವೂ ಅನಿಸಲಿಲ್ಲ. ಕಣ್ಣು ಮುಚ್ಚಿದರೆ ಖಣಿಯ ಎರಡನೆಯ ಮೆಟ್ಟಿಲ ಮೇಲೆ ಕೆಂಪು ಚಪ್ಪಲಿಯೇ ಕಾಣುತ್ತಿತ್ತು.

ಆ ದಿನಗಳ ಒಂದು ಬೆಳಗ್ಗೆ ಮಾತ್ರ ಬೇರೆ. ಹುಡುಗಿ ನೀರಿನ ಅಂಚಿಗೆ ಏಕೆ ಹೋಗಿದ್ದಳು ಎಂದು ಏಜೆಂಟರು ಲೆಕ್ಕ ಹಾಕುತ್ತಿದ್ದರು. ಬಳೆ ಅಕ್ಕ ಬುಟ್ಟಿಯೊಳಗೆ ಕೈ ಹಾಕಿ ಗಾಜಿನ ಬಳೆಗಳ ಒಂದು ಸಣ್ಣ ಜೊತೆ ತೆಗೆದು ತೊಡೆಯ ಮೇಲಿಟ್ಟುಕೊಂಡಳು. “ಆರು ವರ್ಷದ ಕೂಸಿಗಿ ಈ ಅಳತಿ ಬರ್ತದ್ರಿ,” ಎಂದಳು. ಶಹಾಬಾದಿನಲ್ಲಿ ಇಳಿಯುವಾಗ ಏಜೆಂಟರೇ ಅವಳ ಬುಟ್ಟಿ ಎತ್ತಿ ಕೊಟ್ಟರು. ಮರುದಿನ ಮತ್ತೆ ಎಲ್ಲ ಮೊದಲಿನಂತೆ ನಡೆಯಿತು.

ಹೀಗೆ ಎರಡು ವರ್ಷ ಹೋಯಿತು. ಕಲಬುರಗಿಯ ಕೋರ್ಟಿನಿಂದ ಸಮನ್ಸ್ ಬಂತು. ಕಾಗದದಲ್ಲಿ ನಾನು ಮೂರನೆಯ ಸಾಕ್ಷಿ, ಕಂಪೌಂಡರ್ ನಾಲ್ಕನೆಯವನು.

ಸುದ್ದಿ ತಿಳಿದು ನಮ್ಮ ಮಾವನವರು ನನ್ನನ್ನು ಸೇಡಂಗೆ ಕರೆಸಿಕೊಂಡರು. ನೆಪ ನಾದಿನಿಯ ಕೂಸಿನ ತೊಟ್ಟಿಲ ಕಾರ್ಯಕ್ರಮ. ಮಾವನವರು ಮುಧೋಳದ ಶಾಲೆಯಲ್ಲಿ ಮೂವತ್ತು ವರ್ಷ ಮಾಸ್ತರರಾಗಿದ್ದವರು. ನಿವೃತ್ತರಾದ ಮೇಲೆ ಪ್ರಶ್ನೆ ಕೇಳಲು ಯಾರೂ ಸಿಗದೆ ಕಷ್ಟದಲ್ಲಿದ್ದರು. ಅಂಗಳದ ನಡುವೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿ ನನ್ನನ್ನು ಕೂರಿಸಿದರು. ಪೇಪರನ್ನು ಸುರುಳಿ ಸುತ್ತಿ ಕೈಯಲ್ಲಿ ಹಿಡಿದರು. ಆರೋಪಿಯ ವಕೀಲ ಹೀಗೇ ಕೇಳುತ್ತಾನೆ, ಈಗಲೇ ರೂಢಿ ಆಗಲಿ ಎಂದರು. ತೊಟ್ಟಿಲಿಗೆ ಬಂದಿದ್ದ ಬೀಗರೆಲ್ಲ ಕೂಸನ್ನು ಬಿಟ್ಟು ನನ್ನ ಸುತ್ತ ಕುಳಿತರು. ಮೊಳಕಾಲು ನೋವಿನ ಅತ್ತೆಯವರಿಗೆ ಮನೆಯಲ್ಲಿದ್ದ ಒಂದೇ ಕಟ್ಟಿಗೆಯ ಕುರ್ಚಿ ಕೊಟ್ಟಿದ್ದರಿಂದ ಅವರು ತಾವಾಗಿಯೇ ಜಡ್ಜ್ ಆದರು.

ಮಾವನವರು ಮೊದಲು ನನ್ನ ಹುಟ್ಟಿದ ದಿನ ಕೇಳಿದರು. ಹೇಳಿದೆ. ಸುಳ್ಳು ಎಂದರು. ಖಣಿಯ ಮೆಟ್ಟಿಲು ಎಷ್ಟು ಎಂದರು. ಎಣಿಸಿಲ್ಲ ಎಂದೆ. ಎಣಿಸದವನು ಅಲ್ಲಿಗೆ ಹೋಗಿದ್ದು ಯಾಕೆ ಎಂದರು. ಆವತ್ತು ಗಾಳಿ ಯಾವ ದಿಕ್ಕಿನಿಂದ ಬೀಸುತ್ತಿತ್ತು, ನೆರಳು ಯಾವ ಕಡೆಗೆ ಬಿದ್ದಿತ್ತು, ಫೌಜುದಾರರ ಪೆನ್ನು ಯಾವ ಬಣ್ಣದ್ದು. ಒಂದಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ಚಪ್ಪಲಿಯ ಬಣ್ಣ ಕೇಳಿದಾಗ ಮಾತ್ರ ನಾನು ಧೈರ್ಯದಿಂದ ಕೆಂಪು ಎಂದೆ. ಬೀಗರೆಲ್ಲ ತಲೆ ಆಡಿಸಿದರು, ಅವರಿಗೂ ಅದು ಗೊತ್ತಿತ್ತು.

“ಅಳಿಯಂದ್ರ, ಹಿಂಗ ತಡವರಿಸಿದ್ರ ಅಂವ ಬಿಡುಗಡಿ ಆಗಿ ನಿಮ್ಮನ್ನ ಒಳಗ ಹಾಕ್ತಾರ ನೋಡ್ರಿ,” ಎಂದು ಮಾವನವರು ಪೇಪರಿನ ಸುರುಳಿಯನ್ನು ನನ್ನ ಮೂಗಿನವರೆಗೆ ತಂದರು.

ಆಗ ಅತ್ತೆಯವರು ತೀರ್ಪು ಕೊಟ್ಟರು. “ಅನ್ನ ಆರ್ಲಿಕತ್ತದ. ಉಳಿದದ್ದು ಮುಂದಿನ ತಾರೀಖಿಗಿ ಇಡ್ರಿ.”

ಹೋಳಿಗೆ ಬಡಿಸುವಾಗ ಎಲ್ಲರಿಗೂ ಎರಡು, ನನಗೆ ನಾಲ್ಕು. ಕೋರ್ಟಿಗೆ ಹೋಗುವವನು ಎಂದು. ನಾನು ತಿಂದೆ. ಆದರೆ ಹೆದರಿಕೆ ಹೊಟ್ಟೆಯಲ್ಲಿ ಹೋಳಿಗೆಗಿಂತ ಮೊದಲೇ ಕುಳಿತಿತ್ತು. ಇನ್ನೊಬ್ಬ ಪಂಚನಿಗೆ ಏನು ನೆನಪಿದೆಯೋ ಕೇಳಿಕೊಂಡು ಬರೋಣ ಎಂದು ಮುಂದಿನ ರವಿವಾರ ಚಿಂಚೋಳಿಯ ಬಸ್ಸು ಹತ್ತಿದೆ. ಕಂಪೌಂಡರಿಗೆ ಆ ಕಡೆ ವರ್ಗ ಆಗಿತ್ತು. ಹಾಗೆ ಕೇಳಿಕೊಳ್ಳುವುದು ಸರಿಯೋ ತಪ್ಪೋ ಎಂದು ನನಗೆ ಆಗ ಹೊಳೆಯಲಿಲ್ಲ.

ಅವನು ಐನಾಪುರದಲ್ಲಿ ಸಿಕ್ಕ, ಒಂದು ಎಮ್ಮೆಯ ಹಿಂದೆ. ಎಮ್ಮೆ ಕರು ಹಾಕಲಾರದೆ ತ್ರಾಸು ಪಡುತ್ತಿತ್ತು. ಡಾಕ್ಟರು ಬರುವುದು ತಡವಾದ್ದರಿಂದ ಇವನೇ ತೋಳಿನವರೆಗೆ ಕೈ ಒಳಗೆ ಹಾಕಿ ನಿಂತಿದ್ದ. ಎಮ್ಮೆಯ ಒಡತಿ ಒಂದು ಮಾತು ಕನ್ನಡದಲ್ಲಿ ಒಂದು ಮಾತು ತೆಲುಗಿನಲ್ಲಿ ಅವನನ್ನು ಬಯ್ಯುತ್ತಿದ್ದಳು. ಬಂದ ಕೆಲಸ ಹೇಳಿದೆ. ಅವನಿಗೆ ನನ್ನನ್ನು ಕಂಡು ಬಹಳ ಸಂತೋಷವಾಯಿತು, ಆದರೆ ಕೈ ಕುಲುಕುವ ಹಾಗಿರಲಿಲ್ಲ.

“ಚಪ್ಪಲಿ ಎರಡಿದ್ದವು,” ಎಂದ.

ಒಂದೇ ಇತ್ತಲ್ಲೋ ಎಂದೆ.

“ಒಂದ ಚಪ್ಪಲಿ ಹಾಕ್ಕೊಂಡು ಯಾರರೆ ಮನಿ ಬಿಟ್ಟು ಬರ್ತಾರೇನ್ರಿ? ಎರಡ ಇರಬೇಕು.”

ಅವನು ನೆನಪು ಮಾಡಿಕೊಂಡು ಹೇಳುತ್ತಿರಲಿಲ್ಲ, ಯೋಚಿಸಿ ಹೇಳುತ್ತಿದ್ದ. ನಾನು ಪಂಚನಾಮೆಯ ಮಾತು ತೆಗೆದೆ, ಅರಿವೆಯ ಗಂಟಿನ ಗಾತ್ರ ಹೇಳಿದೆ, ಅಂತೂ ಅವನು ಒಂದಕ್ಕೆ ಇಳಿದ. ಬಣ್ಣ ಕೇಳಿದೆ. ಕೆಂಪು ಎಂದ. ಹೇಗೆ ಗೊತ್ತು ಎಂದರೆ ಮೊಬೈಲಿನಲ್ಲಿ ನೋಡಿದೆನಲ್ಲ ಎಂದ. ಅಷ್ಟರಲ್ಲಿ ಎಮ್ಮೆ ಕರು ಹಾಕಿತು. ಒಡತಿ ಬೈಗುಳ ನಿಲ್ಲಿಸಿ ನಮ್ಮಿಬ್ಬರಿಗೂ ಚಹಾ ಕೊಟ್ಟಳು. ತಿರುಗಿ ಬರುವಾಗ ಬಸ್ಸಿನಲ್ಲಿ ನನಗೆ ಸ್ವಲ್ಪ ಧೈರ್ಯ ಬಂದಿತ್ತು. ಇಬ್ಬರೂ ಕೆಂಪು ಅಂದ ಮೇಲೆ ಕೆಂಪೇ ಸರಿ ಎಂದುಕೊಂಡೆ.

ಕೋರ್ಟಿಗೆ ಮೂರು ಸಲ ಹೋದೆ. ಮೊದಲ ಸಲ ಜಡ್ಜ್ ಸಾಹೇಬರು ರಜೆಯಲ್ಲಿದ್ದರು. ಎರಡನೆಯ ಸಲ ಸಂಜೆಯವರೆಗೂ ನನ್ನ ಸರದಿ ಬರಲಿಲ್ಲ. ಎರಡೂ ಸಲ ರೈಲಿನಲ್ಲಿ ನನ್ನನ್ನು ಯುದ್ಧಕ್ಕೆ ಕಳಿಸಿದಂತೆ ಕಳಿಸಿದ್ದರು. ಮರುದಿನ ಏನೂ ಆಗಲಿಲ್ಲ ಎಂದು ಹೇಳಿದರೆ ನಾನೇ ಏನೋ ಮುಚ್ಚಿಡುತ್ತಿದ್ದೇನೆ ಎಂದು ನೋಡುತ್ತಿದ್ದರು. ಮೂರನೆಯ ಸಲ ಬಳೆ ಅಕ್ಕ ನನ್ನ ತೋಳು ಹಿಡಿದು, ಪಾಚಿಯ ಮೇಲೆ ಕಾಲು ಜಾರುತ್ತದೆ ಎಂದು ಒಂದೇ ಒಂದು ಮಾತು ಹೇಳಿ ಬಾ ಎಂದಳು. ಏಜೆಂಟರು ಅವಳ ಮುಂದೆಯೇ ಅದಕ್ಕೆ ಆಕ್ಷೇಪಿಸಿದರು.

ಕೋರ್ಟಿನ ಪಡಸಾಲೆಯಲ್ಲಿ ಪೊಲೀಸರ ನಡುವೆ ಒಬ್ಬ ಸಣಕಲು ಮನುಷ್ಯ ಕುಳಿತಿದ್ದ. ನನ್ನನ್ನು ಕಂಡು ಕೈ ಮುಗಿದ. ಯಾವುದೋ ಕೆಲಸಕ್ಕೆ ಕಚೇರಿಗೆ ಬಂದಿದ್ದವನಿರಬೇಕು ಎಂದು ನಾನೂ ಮುಗಿದು, ಆರಾಮ ಇದ್ದೀರೇನು ಎಂದು ವಿಚಾರಿಸಿದೆ. ಒಳಗೆ ಕರೆದಾಗ ಅವನನ್ನು ಕಟಕಟೆಯಲ್ಲಿ ನಿಲ್ಲಿಸಿದರು. ಅವನೇ ದೊಡ್ಡಪ್ಪ. ಎರಡು ವರ್ಷ ದಿನಾ ನಮ್ಮ ಡಬ್ಬಿಯಲ್ಲಿ ಅವನ ಮಾತೇ ಆಗಿದ್ದರೂ ಅವನ ಮುಖ ಹೇಗಿದೆ ಎಂದು ನನಗೆ ಗೊತ್ತಿರಲಿಲ್ಲ.

ಸರಕಾರಿ ವಕೀಲರು ನನ್ನ ಸಹಿ ತೋರಿಸಿದರು. ನನ್ನದೇ ಎಂದೆ. ಏನು ಕಂಡಿರಿ ಎಂದರು. ಎರಡನೆಯ ಮೆಟ್ಟಿಲ ಮೇಲೆ ಒಂದು ಚಪ್ಪಲಿ ಎಂದೆ. ಬಣ್ಣ ಎಂದರು. ಮಾವನವರ ಅಂಗಳದಲ್ಲಿ ಹೇಳಿದಷ್ಟೇ ಧೈರ್ಯದಿಂದ ಕೆಂಪು ಎಂದೆ. ಗಂಟು ತರಿಸಿ ಅರಗು ಒಡೆದು ಬಿಚ್ಚಿದರು.

ನೀಲಿ ಚಪ್ಪಲಿ.

ಪಂಚನಾಮೆಯಲ್ಲೂ ನೀಲಿ ಎಂದೇ ಇತ್ತು, ಅದರ ಕೆಳಗೇ ನನ್ನ ಸಹಿ. ಆರೋಪಿಯ ವಕೀಲರು ಬಹಳ ಸಂತೋಷದಿಂದ ಎದ್ದರು. ಅವರ ಕೈಯಲ್ಲಿ ಪೇಪರಿನ ಸುರುಳಿ ಇರಲಿಲ್ಲ, ಅಷ್ಟೇ ವ್ಯತ್ಯಾಸ.

“ಅಂದ್ರ ನೀವು ನೋಡಿದ್ದು ಈ ಚಪ್ಪಲಿ ಅಲ್ಲ. ಹೌದಲ್ರಿ?”

ಚಪ್ಪಲಿಯನ್ನು ನನ್ನ ಮುಂದೆ ಹಿಡಿದರು. ಅಂಗೈಯಷ್ಟು ಇತ್ತು. ಬಾರು ಒಂದು ಕಡೆ ಕಿತ್ತಿದ್ದನ್ನು ಬಿಳಿ ದಾರದಿಂದ ಹೊಲಿದಿದ್ದರು. ದೊಡ್ಡ ದೊಡ್ಡ ಹೊಲಿಗೆ, ಗೋಣಿಚೀಲಕ್ಕೆ ಹಾಕಿದಂತೆ. ಆ ಹೊಲಿಗೆ ನೋಡಿದ ಕೂಡಲೇ ನನಗೆ ಖಣಿಯ ಬಿಸಿಲು ನೆನಪಾಯಿತು. ಪೇದೆ ಅದನ್ನು ಅರಿವೆಯಲ್ಲಿ ಕಟ್ಟುವಾಗ ಆ ದಾರದ ತುದಿ ಹೊರಗೆ ಉಳಿದಿತ್ತು, ಅವನು ಬೆರಳಿನಿಂದ ಒಳಗೆ ತುರುಕಿದ್ದ. ಇದು ನಾನು ಕಣ್ಣಾರೆ ನೋಡಿದ್ದು. ಎರಡು ವರ್ಷದಲ್ಲಿ ಯಾರೂ ಈ ಹೊಲಿಗೆಯ ಮಾತು ಎತ್ತಿರಲಿಲ್ಲ, ಅದಕ್ಕೇ ಅದು ಕೆಡದೆ ಉಳಿದಿತ್ತು.

“ಇದೇ ಚಪ್ಪಲಿರಿ,” ಎಂದೆ. “ಈ ಹೊಲಿಗಿ ನಾ ನೋಡೀನಿ. ಬಣ್ಣ ಮಂದಿ ಹೇಳಿದ್ದು ಕೇಳಿ ಕೇಳಿ ನನಗ ಹಂಗ ಅನ್ನಿಸಿಬಿಟ್ಟದ.”

ಜಡ್ಜ್ ಸಾಹೇಬರು ಕನ್ನಡಕ ಸರಿಮಾಡಿಕೊಂಡು ಯಾವ ಮಂದಿ ಎಂದು ಕೇಳಿದರು. ರೈಲಿನ ಮಂದಿ ಎಂದೆ. ಬೆರಳಚ್ಚು ಮಾಡುತ್ತಿದ್ದ ಹುಡುಗಿ ತಲೆ ತಗ್ಗಿಸಿ ನಕ್ಕಳು. ಸಾಹೇಬರು ನಗಲಿಲ್ಲ, ಅದನ್ನೂ ಬರೆಸಿದರು. ಆರೋಪಿಯ ವಕೀಲರು ಇನ್ನೂ ಐದಾರು ಪ್ರಶ್ನೆ ಕೇಳಿ ಕುಳಿತರು. ಗಾಳಿಯ ದಿಕ್ಕನ್ನು ಯಾರೂ ಕೇಳಲಿಲ್ಲ.

ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತೆ. ನನ್ನ ಹಿಂದೆಯೇ ಕೋರ್ಟಿನೊಳಗಿನಿಂದ ಬಂದು ಪಕ್ಕದಲ್ಲಿ ಕುಳಿತ ಹೆಣ್ಣುಮಗಳು ನನ್ನನ್ನು ಮಾತಾಡಿಸಿದಳು.

“ಆ ಹೊಲಿಗಿ ನಾ ಹಾಕಿದ್ದೆ ಸಾಹೇಬ್ರ. ಮೋಚಿ ಸಿಗಲಿಲ್ಲ.”

ಅವಳು ಹುಡುಗಿಯ ಅವ್ವ. ಆ ಚಪ್ಪಲಿ ತಿರುಗಿ ಕೊಡುತ್ತಾರೆಯೇ ಎಂದು ಅವಳು ಕೇಳಿದಳು. ಎರಡು ವರ್ಷದಲ್ಲಿ ಈ ಕೇಸಿನ ಬಗ್ಗೆ ನನ್ನನ್ನು ಸಾವಿರ ಪ್ರಶ್ನೆ ಕೇಳಿದ್ದರು. ಉತ್ತರ ಹುಡುಕಿ ತರಬೇಕು ಎನ್ನಿಸಿದ್ದು ಇದೊಂದಕ್ಕೇ. ಗುಮಾಸ್ತನಾದವನಿಗೆ ಅರ್ಜಿಯ ದಾರಿ ಗೊತ್ತಿರುತ್ತದೆ. ಒಳಗೆ ಹೋಗಿ ಕೇಳಿ ಬಂದೆ. ಕೇಸು, ಮೇಲಿನ ಅಪೀಲು ಎಲ್ಲ ಮುಗಿದ ಮೇಲೆ ಅರ್ಜಿ ಕೊಟ್ಟರೆ ಸಿಗಬಹುದು ಎಂದರು. ಅರ್ಜಿಯನ್ನು ಅಲ್ಲೇ ಬರೆದು, ತಾರೀಖಿನ ಜಾಗ ಖಾಲಿ ಬಿಟ್ಟು ಅವಳಿಗೆ ಕೊಟ್ಟೆ. ಮಡಚಿ ಚೀಲದಲ್ಲಿಟ್ಟುಕೊಂಡಳು.

ಮರುದಿನ ರೈಲಿನಲ್ಲಿ ನನ್ನ ಸೀಟು ಹೋಯಿತು. ನೀಲಿ ಎಂಬ ಸುದ್ದಿ ನನಗಿಂತ ಮೊದಲೇ ಗಾಡಿ ಹತ್ತಿತ್ತು. ಕೇಸು ಕೆಡಿಸಿದೆ ಎಂದು ಏಜೆಂಟರು ಮುಖ ತಿರುಗಿಸಿದರು. ಪಾಚಿಯ ಮಾತು ಎತ್ತಲಿಲ್ಲ ಎಂದು ಬಳೆ ಅಕ್ಕನಿಗೂ ಸಿಟ್ಟು. ಒಂದು ತಿಂಗಳು ಬಾಗಿಲ ಹತ್ತಿರ ನಿಂತೇ ಹೋದೆ. ಖರೆ ಹೇಳಬೇಕೆಂದರೆ ಆ ತಿಂಗಳು ಚೆನ್ನಾಗಿತ್ತು, ಗಾಳಿ ಬರುತ್ತಿತ್ತು.

ತೀರ್ಪಿನ ದಿನದ ಹೊತ್ತಿಗೆ ಸಿಟ್ಟು ಇಳಿದಿತ್ತು. ನಾನು ಹೋಗುತ್ತೇನೆ ಎಂದಾಗ ಏಜೆಂಟರೂ ಬಳೆ ಅಕ್ಕನೂ ಶಹಾಬಾದಿನಲ್ಲಿ ಇಳಿಯದೆ ನನ್ನ ಜೊತೆ ಕಲಬುರಗಿಗೇ ಬಂದರು. ತೀರ್ಪು ಓದಿದ್ದು ಹತ್ತು ನಿಮಿಷ. ದಬ್ಬಿದ್ದು ಸಾಬೀತಾಗಿಲ್ಲ, ಸಂಶಯದ ಲಾಭ ಆರೋಪಿಗೆ ಎಂದರು. ಜಾರಿದಳು ಎಂದು ಮಾತ್ರ ಯಾರೂ ಹೇಳಲಿಲ್ಲ. ಅಷ್ಟು ಪುಟದ ತೀರ್ಪಿನಲ್ಲಿ ನನ್ನ ಬಗ್ಗೆ ಇದ್ದದ್ದು ಎರಡು ಸಾಲು: ಮೂರನೆಯ ಸಾಕ್ಷಿ ಪಂಚನಾಮೆಯನ್ನು ಸಮರ್ಥಿಸಿದ್ದಾನೆ, ಬಣ್ಣದ ವ್ಯತ್ಯಾಸ ಮಹತ್ವದ್ದಲ್ಲ. ಮಾವನವರು ಆಮೇಲೆ ಆ ಪುಟದ ಝೆರಾಕ್ಸ್ ಮಾಡಿಸಿ, ಎರಡು ಸಾಲಿನ ಕೆಳಗೆ ಗೆರೆ ಎಳೆದು, ಲ್ಯಾಮಿನೇಶನ್ ಹಾಕಿಸಿ ಸೇಡಂನ ಮನೆಯಲ್ಲಿ ಬಂದವರಿಗೆಲ್ಲ ತೋರಿಸಿದರು. ಮಹತ್ವದ್ದಲ್ಲ ಎಂಬ ಶಬ್ದ ಓದುವಾಗ ಮಾತ್ರ ಬೆರಳು ಅಡ್ಡ ಇಡುತ್ತಿದ್ದರಂತೆ.

ಕೋರ್ಟಿನ ಹೊರಗೆ ಏಜೆಂಟರು ಬಳೆ ಅಕ್ಕನಿಗೆ, ನೀವು ಗೆದ್ದಿರಲ್ಲ ಎಂದರು. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. “ಗೆದ್ದಂಗ ಅನಸವಲ್ದು,” ಎಂದಳು.

ಚಹಾ ಕುಡಿದು ಬಸ್ ನಿಲ್ದಾಣದ ಮುಂದಿನಿಂದ ಹೋಗುತ್ತಿದ್ದೆವು. ಆ ಹಳ್ಳಿಯ ಕಡೆಗೆ ಹೋಗುವ ಬಸ್ಸು ನಿಂತಿತ್ತು. ಮುಂದಿನ ಸೀಟಿನಲ್ಲಿ ಹುಡುಗಿಯ ಅಪ್ಪ ಅವ್ವ ಕುಳಿತಿದ್ದರು, ಅವರ ಚೀಲ ನಡುವಿನ ದಾರಿಯಲ್ಲಿತ್ತು. ಸ್ವಲ್ಪ ಹೊತ್ತಿಗೆ ದೊಡ್ಡಪ್ಪನೂ ಅವನ ಹೆಂಡತಿಯೂ ಬಂದರು. ಬಾಗಿಲ ಹತ್ತಿರ ಬಂದು ಒಳಗೆ ನೋಡಿ ನಿಂತುಬಿಟ್ಟರು. ಇವರು ಯಾರು ಎಂದು ಗೊತ್ತಿಲ್ಲದ ಕಂಡಕ್ಟರ್, ಹತ್ತುವುದಿದ್ದರೆ ಹತ್ತಿ, ಇವತ್ತಿಗೆ ಇದೇ ಕೊನೆಯ ಬಸ್ಸು ಎಂದು ಅವಸರ ಮಾಡಿದ. ಇಬ್ಬರೂ ಹತ್ತಿದರು. ಅಪ್ಪ ಕಿಟಕಿಯ ಕಡೆ ಮುಖ ಮಾಡಿದ. ಅವ್ವ ಮುಖ ಎತ್ತಲಿಲ್ಲ. ಬಾಗಿ ಚೀಲವನ್ನು ಎತ್ತಿ ಮಡಿಲಲ್ಲಿಟ್ಟುಕೊಂಡಳು. ದೊಡ್ಡಪ್ಪ, ಅವನ ಹೆಂಡತಿ ಇಬ್ಬರೂ ದಾಟಿ ಹಿಂದೆ ಹೋಗಿ ಕುಳಿತರು.

ಬಸ್ಸು ಹೊರಟಿತು. ಗಾಡಿಗೆ ಹೊತ್ತಾಗುತ್ತದೆ ನಡೆಯಿರಿ ಎಂದು ನಾನು ಹೇಳಿದೆ. ಮೂವರೂ ಸ್ಟೇಷನ್ನಿನ ಕಡೆ ನಡೆದೆವು.